ಲಿಬ್ರೆ ಆಫೀಸ್‌ನಲ್ಲಿ ಅಡಿಟಿಪ್ಪಣಿ, ಉಲ್ಲೇಖ, ಗ್ರಂಥಋಣ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ಮಹಾಪ್ರಬಂಧ, ವಿಮರ್ಶೆ, ಸಂಶೋಧನ ಲೇಖನ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಮೆನುಗಳ ಹೆಸರು ಇಂಗ್ಲಿಷ್ ಆವೃತ್ತಿಯಲ್ಲಿ ಇರುವಂತೆಯೇ ಇದೆ. ಮೊದಲಿಂದ ಕೊನೆಯವರೆಗೆ ಓದಲೇಬೇಕೆಂದಿಲ್ಲ, ಬೇಕಾದ್ದನ್ನು ಹೆಕ್ಕಿಕೊಳ್ಳಿ.

## ಶುರು ಮಾಡುವ ಮುನ್ನ

ಗ್ರಂಥಋಣವನ್ನು ಕೈಯಲ್ಲೇ ಟೈಪ್ ಮಾಡಿದರೆ ಏನು ಕಷ್ಟ? ಇಷ್ಟು ವರ್ಷ ಎಲ್ಲರೂ ಹಾಗೇ ಮಾಡಿಲ್ಲವೇ?

ಹತ್ತು ಹನ್ನೆರಡು ಪುಸ್ತಕಗಳ ಲೇಖನವಾದರೆ ಕೈಯಲ್ಲೇ ಟೈಪ್ ಮಾಡಿ, ಅದಕ್ಕೆ ಸಾಫ್ಟ್‌ವೇರ್ ಬೇಡ. ತೊಂದರೆ ಶುರುವಾಗುವುದು ಬರಹ ಬೆಳೆದಾಗ. ಮೂರನೆಯ ಅಧ್ಯಾಯದಲ್ಲಿ 41ನೇ ಅಡಿಟಿಪ್ಪಣಿ ಒಂದು ಪುಸ್ತಕದ್ದು, 42ನೆಯದು ‘ಅದೇ, ಪು. 88’ ಎಂದಿಟ್ಟುಕೊಳ್ಳಿ. ಗೈಡ್ ಹೇಳಿದರೆಂದು ಅವೆರಡರ ನಡುವೆ ಇನ್ನೊಂದು ಟಿಪ್ಪಣಿ ಸೇರಿಸುತ್ತೀರಿ. ಸಂಖ್ಯೆಗಳನ್ನು ರೈಟರ್ (ಲಿಬ್ರೆ ಆಫೀಸ್‌ನಲ್ಲಿ ಬರೆಯಲು ಇರುವ ತಂತ್ರಾಂಶ) ತಾನೇ ಸರಿಪಡಿಸುತ್ತದೆ. ಆದರೆ ‘ಅದೇ’ ಎಂಬುದು ಈಗ ಬೇರೆ ಪುಸ್ತಕವನ್ನು ತೋರಿಸುತ್ತಿರುತ್ತದೆ. ಪ್ರೂಫ್ ನೋಡುವವರಿಗೆ ಇದು ಕಾಣುವುದಿಲ್ಲ, ಏಕೆಂದರೆ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಪಠ್ಯದಲ್ಲಿ ಉಲ್ಲೇಖವಾದ ಪುಸ್ತಕ ಕೊನೆಯ ಪಟ್ಟಿಯಲ್ಲಿ ಇಲ್ಲದಿರುವುದು, ಪಟ್ಟಿಯಲ್ಲಿರುವುದು ಪಠ್ಯದಲ್ಲಿ ಎಲ್ಲೂ ಬಾರದಿರುವುದು ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಇನ್ನೆರಡು ಸಂಗತಿಗಳು.

ಇನ್ನೊಂದು ಕಾರಣವೂ ಇದೆ. ಕೃತಿಚೌರ್ಯ ತಡೆಯಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ತಂದ ನಿಯಮಾವಳಿಯಂತೆ, ಆಕರ ಸೂಚಿಸಿ ಉದ್ಧರಿಸಿದ ಭಾಗವನ್ನೂ ಗ್ರಂಥಋಣವನ್ನೂ ಬೇರೆ ಬರಹಗಳೊಂದಿಗಿನ ಹೋಲಿಕೆಯ ಲೆಕ್ಕದಿಂದ ಹೊರಗಿಡಬೇಕು. ಹೋಲಿಕೆ ಶೇ. 10 ದಾಟಿದರೆ ಪ್ರಬಂಧ ವಾಪಸ್ ಬರಬಹುದು. ಉಲ್ಲೇಖ ಅಚ್ಚುಕಟ್ಟಾಗಿದ್ದಷ್ಟೂ ಈ ತಲೆನೋವು ಕಡಿಮೆ.

ಲಿಬ್ರೆ ಆಫೀಸ್‌ನ ಟೂಲ್ಸ್ ಮೆನುವಿನಲ್ಲೇ ‘ಬಿಬ್ಲಿಯಾಗ್ರಫಿ ಡೇಟಾಬೇಸ್’ ಇದೆಯಲ್ಲ, ಅದು ಸಾಲದೇ?

ಸಾಲದು. ಓಪನ್ ಆಫೀಸ್ ಕಾಲದಿಂದ ಬಂದ ಸೌಲಭ್ಯ ಅದು. ಪ್ರತಿ ಪುಸ್ತಕಕ್ಕೂ ಒಂದು ಚಿಕ್ಕ ಗುರುತು ಕೊಟ್ಟು, ಪಠ್ಯದಲ್ಲಿ ಚೌಕಾವರಣದೊಳಗೆ ಆ ಗುರುತನ್ನೋ ಸಂಖ್ಯೆಯನ್ನೋ ತೋರಿಸುತ್ತದೆ. ಲೇಖಕ-ವರ್ಷ ಕ್ರಮ, ಅಡಿಟಿಪ್ಪಣಿಯಲ್ಲಿ ಮೊದಲ ಸಲ ಪೂರ್ಣ ವಿವರ, ಆಮೇಲೆ ‘ಅದೇ’, ‘ಪೂರ್ವೋಕ್ತ’ ಇವೆಲ್ಲ ಅದರ ಕೈಲಾಗುವುದಿಲ್ಲ. ಸಂಖ್ಯಾಕ್ರಮದ ಚಿಕ್ಕ ತಾಂತ್ರಿಕ ವರದಿಗಾದರೆ ಧಾರಾಳವಾಗಿ ಬಳಸಿ.

ಜೊಟೆರೊ, ಜಾಬ್‌ರೆಫ್, ಮೆಂಡಲೇ... ಯಾವುದನ್ನು ಹಾಕಿಕೊಳ್ಳಲಿ?

ಮೂರೂ ಪುಸ್ತಕಗಳ ವಿವರ ಕೂಡಿಟ್ಟುಕೊಂಡು ಉಲ್ಲೇಖ ಮೂಡಿಸುವ ತಂತ್ರಾಂಶಗಳು. ಜೊಟೆರೊ ಹಾಕಿಕೊಳ್ಳಿ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸಕಾರರ ಕೇಂದ್ರವೊಂದು 2006ರಲ್ಲಿ ಇದನ್ನು ಫೈರ್‌ಫಾಕ್ಸ್‌ನ ಜೋಡಣೆಯಾಗಿ ಹೊರತಂದಿತು. ಇತಿಹಾಸಕಾರರ ಕೈಯಲ್ಲಿ ಹುಟ್ಟಿದ್ದರಿಂದ ಹಸ್ತಪ್ರತಿ, ಪತ್ರ, ಸಂದರ್ಶನ, ಪತ್ರಿಕಾ ಲೇಖನಗಳಿಗೂ ಅದರಲ್ಲಿ ಜಾಗವಿದೆ. ಈಗ ಅದು ಸ್ವತಂತ್ರ ತಂತ್ರಾಂಶ, ಮೂಲಸಂಕೇತ ಮುಕ್ತ, ರೈಟರ್‌ಗೆ ಬೇಕಾದ ಜೋಡಣೆ ಜೊತೆಗೇ ಬರುತ್ತದೆ.

ಲೇಟೆಕ್ ಎಂಬ ಅಕ್ಷರಜೋಡಣೆ ವ್ಯವಸ್ಥೆ ಬಳಸುವ ಗಣಿತ, ಭೌತಶಾಸ್ತ್ರದವರಿಗೆ ಜಾಬ್‌ರೆಫ್ ಚೆನ್ನ. ಅದಕ್ಕೂ ಲಿಬ್ರೆ ಆಫೀಸ್ ಸಂಪರ್ಕವಿದೆ. ಮೆಂಡಲೇ ಎಲ್ಸೆವಿಯರ್ ಕಂಪನಿಯದು, ಅದರ ಹೊಸ ಉಲ್ಲೇಖ ಸಾಧನ ವರ್ಡ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಈ ಪುಟದ ಮಟ್ಟಿಗೆ ಅದರ ಮಾತೇ ಬೇಡ.

ಜೊಟೆರೊ ಹಾಕಿದೆ, ಆದರೆ ರೈಟರ್‌ನಲ್ಲಿ ಅದರ ಗುಂಡಿಗಳೇ ಕಾಣ್ತಿಲ್ಲ!

ಹತ್ತರಲ್ಲಿ ಎಂಟು ಸಲ ಕಾರಣ ಜಾವಾ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆ. ರೈಟರ್ ಮತ್ತು ಜೊಟೆರೊ ನಡುವಿನ ಸೇತುವೆ ಜಾವಾದಲ್ಲಿ ಬರೆದದ್ದು. ರೈಟರ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಜಾವಾ ಆಯ್ಕೆಯಾಗಿದೆಯೇ ನೋಡಿ. ಲಿನಕ್ಸ್‌ನ ಉಬುಂಟು, ಡೆಬಿಯನ್‌ಗಳಲ್ಲಿ ‘ಲಿಬ್ರೆಆಫೀಸ್-ಜಾವಾ-ಕಾಮನ್’ ಪ್ಯಾಕೇಜ್ ಪ್ರತ್ಯೇಕವಾಗಿ ಹಾಕಬೇಕು. ಬಳಿಕ ಜೊಟೆರೊದ ಸೆಟ್ಟಿಂಗ್ಸ್‌ನಲ್ಲಿ ‘ಸೈಟ್’ ವಿಭಾಗ ತೆರೆದು, ವರ್ಡ್ ಪ್ರೊಸೆಸರ್ಸ್ ಅಡಿಯಲ್ಲಿ ಲಿಬ್ರೆ ಆಫೀಸ್ ಜೋಡಣೆಯನ್ನು ಮತ್ತೆ ಸ್ಥಾಪಿಸಿ, ರೈಟರ್ ಮುಚ್ಚಿ ತೆರೆಯಿರಿ.

ಲಿಬ್ರೆ ಆಫೀಸ್ ಸ್ನ್ಯಾಪ್ ಅಥವಾ ಫ್ಲಾಟ್‌ಪ್ಯಾಕ್ ರೂಪದಲ್ಲಿ ಬಂದಿದ್ದರೆ ಅದು ಉಳಿದ ತಂತ್ರಾಂಶಗಳಿಂದ ಬೇರ್ಪಟ್ಟು ಬೇಲಿಯೊಳಗೆ ಓಡುತ್ತಿರುತ್ತದೆ, ಜೊಟೆರೊ ಅದನ್ನು ತಾನಾಗಿ ಹುಡುಕಲಾರದು. ಲಿಬ್ರೆ ಆಫೀಸ್‌ನ ಅಧಿಕೃತ ತಾಣದಿಂದಲೋ ಲಿನಕ್ಸ್ ವಿತರಣೆಯ ಮಾಮೂಲಿ ಪ್ಯಾಕೇಜ್ ಆಗಿಯೋ ಹಾಕಿಕೊಂಡರೆ ಈ ಗೋಜಲು ಇರುವುದಿಲ್ಲ. ಇನ್ನು, ಉಲ್ಲೇಖ ಸೇರಿಸುವಾಗ ಜೊಟೆರೊ ತೆರೆದೇ ಇರಬೇಕು. ಇದು ಹಲವರಿಗೆ ಗೊತ್ತಿರುವುದಿಲ್ಲ.

ಉಲ್ಲೇಖ ಸೇರಿಸೋದು ಹೇಗೆ? ಪುಟಸಂಖ್ಯೆ ಎಲ್ಲಿ ಹಾಕಬೇಕು?

ಕರ್ಸರ್ ಬೇಕಾದಲ್ಲಿಟ್ಟು ‘ಆಡ್/ಎಡಿಟ್ ಸೈಟೇಶನ್’ ಒತ್ತಿ. ಮೊದಲ ಸಲ ಉಲ್ಲೇಖ ಶೈಲಿ (ಹೆಸರು, ವರ್ಷ, ಪುಟಗಳನ್ನು ಜೋಡಿಸುವ ಕ್ರಮ) ಯಾವುದೆಂದು ಕೇಳುತ್ತದೆ. ಆಮೇಲೆ ಬರುವ ಪಟ್ಟಿಯಲ್ಲಿ ಲೇಖಕರ ಹೆಸರನ್ನೋ ಶೀರ್ಷಿಕೆಯ ಒಂದು ಪದವನ್ನೋ ಕನ್ನಡದಲ್ಲೇ ಟೈಪ್ ಮಾಡಿ, ಪುಸ್ತಕ ಆರಿಸಿ. ಆರಿಸಿದ್ದು ಗುಳ್ಳೆಯ ಹಾಗೆ ಕಾಣುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಪುಟಸಂಖ್ಯೆ, ಮುನ್ನುಡಿ ಪದ, ಹಿನ್ನುಡಿ ಪದಗಳ ಖಾನೆಗಳು ಸಿಗುತ್ತವೆ. ‘ಬೇಂದ್ರೆಯವರು ಹೇಳುವಂತೆ’ ಎಂದು ವಾಕ್ಯದಲ್ಲೇ ಬರೆದಿದ್ದರೆ, ಆವರಣದಲ್ಲಿ ಹೆಸರು ಮತ್ತೆ ಬಾರದಂತೆ ಲೇಖಕರನ್ನು ಕೈಬಿಡುವ ಆಯ್ಕೆಯೂ ಅಲ್ಲೇ ಇದೆ.

ಗ್ರಂಥಋಣಕ್ಕೆ ಕೊನೆಯ ಪುಟದಲ್ಲಿ ‘ಆಡ್/ಎಡಿಟ್ ಬಿಬ್ಲಿಯಾಗ್ರಫಿ’ ಒಂದು ಸಲ ಒತ್ತಿದರೆ ಮುಗಿಯಿತು. ಪಠ್ಯದಲ್ಲಿ ಮೂಡಿದ ಉಲ್ಲೇಖವನ್ನು ಮಾತ್ರ ಕೈಯಿಂದ ತಿದ್ದಬೇಡಿ. ಉಲ್ಲೇಖಗಳನ್ನೆಲ್ಲ ಹೊಸದಾಗಿ ಮೂಡಿಸುವ ಮುಂದಿನ ರಿಫ್ರೆಶ್‌ನಲ್ಲಿ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ತಪ್ಪಿದ್ದರೆ ಜೊಟೆರೊದ ನಮೂದಿನಲ್ಲೇ ಸರಿಪಡಿಸಿ.

## ಕನ್ನಡದ ನಮೂದುಗಳು

ಯು. ಆರ್. ಅನಂತಮೂರ್ತಿ ಅಂತ ಇದ್ದರೆ ‘ಲಾಸ್ಟ್ ನೇಮ್’ ಯಾವುದು? ಕುವೆಂಪು ಅಂತ ಇದ್ದರೆ?

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ. ಸಾಫ್ಟ್‌ವೇರ್ ಸ್ಥಾಪನೆಗೆ ಅರ್ಧ ಗಂಟೆ ಸಾಕು. ಹೆಸರುಗಳ ಬಗ್ಗೆ ಒಂದು ನಿಲುವು ತಳೆದು ಅದಕ್ಕೆ ಅಂಟಿಕೊಳ್ಳದಿದ್ದರೆ ಪ್ರಬಂಧ ಮುಗಿಯುವವರೆಗೂ ಕಾಟ ತಪ್ಪದು.

ಜೊಟೆರೊ ಪ್ರತಿ ಹೆಸರನ್ನೂ ಎರಡು ಖಾನೆಗಳಲ್ಲಿ ಕೇಳುತ್ತದೆ. ಕೀರ್ತಿನಾಥ ಕುರ್ತಕೋಟಿ, ದ. ರಾ. ಬೇಂದ್ರೆ, ಶಂ. ಬಾ. ಜೋಶಿ ಇಂಥ ಉತ್ತರ ಕರ್ನಾಟಕದ ಹೆಸರುಗಳಲ್ಲಿ ಕೊನೆಯದು ಮನೆತನದ ಹೆಸರು, ಸಲೀಸಾಗಿ ಕೂರುತ್ತದೆ. ಹಳೇ ಮೈಸೂರಿನ ಕಡೆಯ, ಕರಾವಳಿಯ ಹಲವು ಹೆಸರುಗಳಲ್ಲಿ ಇನಿಷಿಯಲ್‌ಗಳು ಊರನ್ನೂ ತಂದೆಯನ್ನೂ ಹೇಳುತ್ತವೆ, ಕೊನೆಯಲ್ಲಿರುವುದು ಇಟ್ಟ ಹೆಸರು. ಆದರೂ ‘ಅನಂತಮೂರ್ತಿ’ ಲಾಸ್ಟ್ ನೇಮ್ ಖಾನೆಯಲ್ಲಿ, ‘ಯು. ಆರ್.’ ಫಸ್ಟ್ ನೇಮ್ ಖಾನೆಯಲ್ಲಿ ಇರಲಿ. ನಮ್ಮ ಗ್ರಂಥಾಲಯಗಳೂ ಓದುಗರೂ ಅವರನ್ನು ಹುಡುಕುವುದು ‘ಅ’ ಅಡಿಯಲ್ಲೇ. ಸೇಡಿಯಾಪು ಕೃಷ್ಣಭಟ್ಟರಂತೆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದವರನ್ನು ನಾನು ‘ಸೇಡಿಯಾಪು’ ಎಂದೇ ಮೊದಲು ಇಡುತ್ತೇನೆ. ನಿಮ್ಮ ವಿಭಾಗದ ರೂಢಿ ಬೇರೆಯಿದ್ದರೆ ಹಾಗೇ ಮಾಡಿ, ಆದರೆ ಕೊನೆತನಕ ಒಂದೇ ರೀತಿ ಮಾಡಿ. ಕುವೆಂಪು, ಬಸವಣ್ಣ, ಪಂಪ ಇವರಿಗೆ ಖಾನೆಯ ಪಕ್ಕದ ಚಿಕ್ಕ ಗುಂಡಿ ಒತ್ತಿ ಒಂದೇ ಖಾನೆಯ ಕ್ರಮಕ್ಕೆ ಬದಲಿಸಿ. ಕಾವ್ಯನಾಮದ ಪುಸ್ತಕವನ್ನು ಕಾವ್ಯನಾಮದಲ್ಲೇ ನಮೂದಿಸಿ. ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಕೆ. ವಿ. ಪುಟ್ಟಪ್ಪ ಎಂದಾದರೆ ಪಟ್ಟಿಯಲ್ಲಿ ಇಬ್ಬರು ಲೇಖಕರು ಹುಟ್ಟಿಕೊಳ್ಳುತ್ತಾರೆ.

ಎರಡು ಎಚ್ಚರಿಕೆ. ಎಪಿಎ (ಅಮೆರಿಕದ ಮನಶ್ಶಾಸ್ತ್ರ ಸಂಘದ ಉಲ್ಲೇಖ ಕ್ರಮ) ಥರದ ಶೈಲಿಗಳು ಪೂರ್ಣ ಹೆಸರನ್ನು ಮೊದಲಕ್ಷರಕ್ಕೆ ಇಳಿಸುವಂಥವು. ನಮಗೆ ‘ಶ್ರೀ’ ಒಂದೇ ಅಕ್ಷರ, ಕಂಪ್ಯೂಟರ್ ಅಕ್ಷರಗಳ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ಗೆ ಅದು ನಾಲ್ಕು ಸಂಕೇತ: ಶ, ವಿರಾಮ, ರ, ದೀರ್ಘ ಈ. ಎಲ್ಲಿ ಕತ್ತರಿ ಬೀಳುತ್ತದೆ ಎಂಬುದನ್ನು ನಂಬಿಕೊಳ್ಳುವಂತಿಲ್ಲ. ಹಾಗೆಯೇ ಚೀನಿ, ಜಪಾನಿ ಹೆಸರುಗಳಿಗಾಗಿ ಉಲ್ಲೇಖ ಎಂಜಿನ್‌ನಲ್ಲಿ ಬೇರೆಯೇ ನಿಯಮಗಳಿವೆ, ಲ್ಯಾಟಿನ್ ಅಲ್ಲದ ಲಿಪಿಯ ಹೆಸರು ಅದರ ಕೈಗೆ ಸಿಕ್ಕರೆ ಅಲ್ಪವಿರಾಮ ಮಾಯವಾಗಬಹುದು. ಆದ್ದರಿಂದ ಇನ್ನೂರು ಪುಸ್ತಕ ತುಂಬಿಸುವ ಮೊದಲು ನಾಲ್ಕು ಬಗೆಯ ಹೆಸರುಗಳನ್ನು ಹಾಕಿ, ನಿಮಗೆ ಬೇಕಾದ ಶೈಲಿಯಲ್ಲಿ ಗ್ರಂಥಋಣ ಮೂಡಿಸಿ ನೋಡಿ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಹಾಕಿದರೆ ಕನ್ನಡ ಪುಸ್ತಕದ ವಿವರ ಇಂಗ್ಲಿಷ್ ಅಕ್ಷರದಲ್ಲಿ, ಮೇಲೆ ಕೆಳಗೆ ಚುಕ್ಕಿ ಗೆರೆಗಳ ಸಮೇತ ಬರುತ್ತದೆ. ಏನಿದು?

ಜೊಟೆರೊ ವಿವರ ತರುವುದು ವಿದೇಶದ ಗ್ರಂಥಾಲಯ ಸೂಚಿಗಳಿಂದ. ಕನ್ನಡ ಶೀರ್ಷಿಕೆಯನ್ನು ರೋಮನ್ ಲಿಪಿಗೆ ಇಳಿಸಿ ದಾಖಲಿಸುವುದು ಅಲ್ಲಿನ ಪದ್ಧತಿ. ಪ್ರಕಾಶಕರು, ಊರು, ವರ್ಷ, ಪುಟಗಳು ಸಾಮಾನ್ಯವಾಗಿ ಸರಿಯಿರುತ್ತವೆ. ಅವನ್ನು ಉಳಿಸಿಕೊಂಡು ಹೆಸರು, ಶೀರ್ಷಿಕೆಗಳನ್ನು ಕನ್ನಡದಲ್ಲಿ ಟೈಪ್ ಮಾಡಿ. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದೇ ಇಲ್ಲ. ಶೀರ್ಷಿಕೆ ಪುಟವನ್ನು ಮುಂದಿಟ್ಟುಕೊಂಡು ನೀವೇ ತುಂಬಬೇಕು.

ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಆ ರೋಮನ್ ರೂಪವೇ ಬೇಕಾಗುತ್ತದೆ. ಒಂದೇ ನಮೂದಿನಲ್ಲಿ ಎರಡೂ ಲಿಪಿ ಇಡುವ ಸೌಲಭ್ಯ ಜೊಟೆರೊದಲ್ಲಿಲ್ಲ. ಪ್ರತಿ ತೆಗೆದು ಒಂದನ್ನು ಕನ್ನಡದಲ್ಲಿ, ಇನ್ನೊಂದನ್ನು ರೋಮನ್‌ನಲ್ಲಿ ಇಟ್ಟು, ‘ರಿಲೇಟೆಡ್’ ಮೂಲಕ ಎರಡನ್ನೂ ಜೋಡಿಸಿಡಿ.

ನನ್ನ ಹಳೆಯ ಗ್ರಂಥಋಣ ಪೂರ್ತಿ ನುಡಿ ಫಾಂಟಿನಲ್ಲಿದೆ. ಪೇಸ್ಟ್ ಮಾಡಿದರೆ ಏನೇನೋ ಇಂಗ್ಲಿಷ್ ಚಿಹ್ನೆ ಬರುತ್ತೆ.

ಅದು ಯೂನಿಕೋಡ್ ಅಲ್ಲ. ಹಳೆಯ ನುಡಿ, ಬರಹ ಫಾಂಟುಗಳು ಲ್ಯಾಟಿನ್ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸುತ್ತಿದ್ದವು, ಫಾಂಟ್ ತೆಗೆದರೆ ಕನ್ನಡವೂ ಹೋಯಿತು. ಯೂನಿಕೋಡ್ ಪರಿವರ್ತಕಕ್ಕೆ ಹಾಕಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಆಮೇಲೆ ಜೊಟೆರೊಗೆ ತನ್ನಿ. ಮಧ್ಯೆ ಬಂದ ಇಂಗ್ಲಿಷ್ ಪದಗಳನ್ನು ಪರಿವರ್ತಕ ಕನ್ನಡವೆಂದು ಭಾವಿಸಿ ಕೆಡಿಸುತ್ತದೆ, ಅವನ್ನು ಮೊದಲೇ ಬೇರೆ ತೆಗೆದಿಡಿ.

1934ರ ಪುಸ್ತಕ, ನನ್ನ ಹತ್ತಿರ ಇರೋದು 2010ರ ಮರುಮುದ್ರಣ. ಯಾವ ವರ್ಷ ಹಾಕಲಿ?

ದಿನಾಂಕದ ಖಾನೆಗೆ ಕೈಯಲ್ಲಿರುವ ಪ್ರತಿಯ ವರ್ಷ, ಏಕೆಂದರೆ ನೀವು ಕೊಡುವ ಪುಟಸಂಖ್ಯೆ ಆ ಪ್ರತಿಯದು. ‘ಎಕ್ಸ್‌ಟ್ರಾ’ ಖಾನೆಯಲ್ಲಿ ‘ಒರಿಜಿನಲ್ ಡೇಟ್’ ಎಂದು ಇಂಗ್ಲಿಷ್‌ನಲ್ಲಿ ಬರೆದು, ಕೋಲನ್ ಹಾಕಿ, ಮೊದಲ ಮುದ್ರಣದ ವರ್ಷ ಕೊಡಿ. ಅದನ್ನು ಬಲ್ಲ ಶೈಲಿಗಳು ಎರಡೂ ವರ್ಷ ತೋರಿಸುತ್ತವೆ. ವರ್ಷವನ್ನು ಕನ್ನಡ ಅಂಕಿಗಳಲ್ಲಿ ತುಂಬಬೇಡಿ. ವಿಂಗಡಣೆಗೆ ಅಂಕಿ 0ಯಿಂದ 9ರ ರೂಪದಲ್ಲೇ ಇರಬೇಕು.

ವಚನ, ಶಾಸನ, ಕುಮಾರವ್ಯಾಸನ ಪದ್ಯ... ಇವಕ್ಕೆ ಪುಟಸಂಖ್ಯೆ ಕೊಟ್ಟರೆ ಯಾರಿಗೂ ಪ್ರಯೋಜನವಿಲ್ಲವಲ್ಲ?

ನಿಜ. ಆವೃತ್ತಿ ಬದಲಾದರೆ ಪುಟ ಬದಲಾಗುತ್ತದೆ, ಪದ್ಯದ ಸಂಖ್ಯೆಯಾದರೆ ಬಹುಮಟ್ಟಿಗೆ ಉಳಿಯುತ್ತದೆ. ಉಲ್ಲೇಖದ ಗುಳ್ಳೆಯಲ್ಲಿ ಪುಟದ ಖಾನೆ ಖಾಲಿ ಬಿಟ್ಟು, ಹಿನ್ನುಡಿ ಪದದ ಖಾನೆಯಲ್ಲಿ ‘, ಭೀಷ್ಮಪರ್ವ, ಸಂಧಿ 3, ಪದ್ಯ 12’ ಎಂದು ನೀವೇ ಬರೆಯಿರಿ. ಪದ್ಯ, ಸಾಲು, ಅಧ್ಯಾಯ ಎಂಬ ಸಿದ್ಧ ಆಯ್ಕೆಗಳಿದ್ದರೂ ಅವು ಇಂಗ್ಲಿಷ್ ಸಂಕ್ಷೇಪ ಮೂಡಿಸುವುದುಂಟು. ಎಪಿಗ್ರಾಫಿಯಾ ಕರ್ನಾಟಿಕಾದ ಶಾಸನಗಳಿಗೆ ಸಂಪುಟಕ್ಕೊಂದು ನಮೂದು ಮಾಡಿ, ತಾಲೂಕು ಮತ್ತು ಶಾಸನ ಸಂಖ್ಯೆಯನ್ನು ಹಿನ್ನುಡಿಯಲ್ಲಿ ಕೊಟ್ಟರೆ ಸಾಕು. ಹಳೆಯ, ಪರಿಷ್ಕೃತ ಆವೃತ್ತಿಗಳ ಸಂಪುಟ ಸಂಖ್ಯೆ ಒಂದೇ ಅಲ್ಲ, ಹಾಗಾಗಿ ಯಾವ ಆವೃತ್ತಿಯೆಂಬುದು ನಮೂದಿನಲ್ಲಿ ಸ್ಪಷ್ಟವಿರಲಿ.

ಪುಸ್ತಕ ಜೊಟೆರೊದಲ್ಲಿ ಕಣ್ಣೆದುರೇ ಇದೆ, ಹುಡುಕಿದರೆ ಸಿಗಲ್ಲ. ಯಾಕೆ?

ನೋಡಲು ಒಂದೇ ಥರ ಇರುವ ಅಕ್ಷರ ಒಳಗೆ ಬೇರೆಯಾಗಿರಬಹುದು. ‘ಕೊ’ದ ಓತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ದೀರ್ಘ ಊ ಎರಡನ್ನು ಸೇರಿಸಿಯೂ ಮೂಡಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದು. ಪಿಡಿಎಫ್‌ನಿಂದ ನಕಲು ಮಾಡಿದ ಪಠ್ಯದಲ್ಲಿ ಇದು ಮಾಮೂಲು. ಅರ್ಕಾವತ್ತಿನ ಸುತ್ತ ಕಾಣದ ಜೋಡಕ ಅಕ್ಷರ ಸೇರಿಕೊಂಡರೂ ಇದೇ ಕಥೆ. ಸಿಗದ ಪದವನ್ನು ನಿಮ್ಮ ಕೀಲಿಮಣೆಯಲ್ಲೇ ಹೊಸದಾಗಿ ಟೈಪ್ ಮಾಡಿಬಿಡಿ.

## ಪುಟದ ಮೇಲೆ ಕಾಣುವುದು

ಪ್ರಬಂಧವೆಲ್ಲ ಒಂದು ಫಾಂಟ್, ಗ್ರಂಥಋಣ ಮಾತ್ರ ಬೇರೆ ಫಾಂಟ್. ಆರಿಸಿ ಬದಲಿಸಿದರೂ ಮತ್ತೆ ಹಳೆಯದೇ ಬರುತ್ತೆ.

ಲಿಬ್ರೆ ಆಫೀಸ್ ಪ್ರತಿ ಪ್ಯಾರಾಗ್ರಾಫ್ ಶೈಲಿಗೂ ಲಿಪಿಗೆ ತಕ್ಕಂತೆ ಬೇರೆ ಬೇರೆ ಫಾಂಟ್ ಇಟ್ಟುಕೊಂಡಿರುತ್ತದೆ. ನಮಗೆ ಬೇಕಾದವು ಎರಡು: ಇಂಗ್ಲಿಷ್ ಮುಂತಾದವಕ್ಕೆ ‘ವೆಸ್ಟರ್ನ್’, ಕನ್ನಡದಂಥ ಲಿಪಿಗಳಿಗೆ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’. ಆಪ್ಷನ್ಸ್‌ನ ಭಾಷಾ ವಿಭಾಗದಲ್ಲಿ ಎರಡನೆಯದಕ್ಕೆ ಕನ್ನಡ ಆರಿಸಿ. ಆಮೇಲೆ ಎಫ್11 ಒತ್ತಿ, ಗ್ರಂಥಋಣಕ್ಕೆ ಬಳಕೆಯಾದ ಪ್ಯಾರಾಗ್ರಾಫ್ ಶೈಲಿಯನ್ನೂ ಅಡಿಟಿಪ್ಪಣಿ ಶೈಲಿಯನ್ನೂ ತಿದ್ದಿ, ಎರಡೂ ಕಡೆ ನಿಮ್ಮ ಫಾಂಟ್ ಕೊಡಿ. ನೋಟೊ ಸೆರಿಫ್ ಕನ್ನಡ, ಗುಬ್ಬಿ, ನವಿಲು ಎಲ್ಲವೂ ಮುಕ್ತವಾಗಿ ಸಿಗುತ್ತವೆ. ಶೈಲಿ ಬಿಟ್ಟು ನೇರವಾಗಿ ಪಠ್ಯ ಆರಿಸಿ ಬದಲಿಸಿದ್ದು ರಿಫ್ರೆಶ್‌ನಲ್ಲಿ ನಿಲ್ಲುವುದಿಲ್ಲ.

ಓರೆ ಅಕ್ಷರದ ವಿಷಯವೂ ಇದೆ. ಪುಸ್ತಕದ ಹೆಸರನ್ನು ಇಟಾಲಿಕ್ ಮಾಡುವುದು ಇಂಗ್ಲಿಷ್ ಮುದ್ರಣದ ಪದ್ಧತಿ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಇಟಾಲಿಕ್ ರೂಪವೇ ಇಲ್ಲ, ತಂತ್ರಾಂಶ ಅಕ್ಷರವನ್ನು ಬಲವಂತವಾಗಿ ವಾಲಿಸುತ್ತದೆ, ಒತ್ತಕ್ಷರಗಳು ಪಕ್ಕದ ಅಕ್ಷರಕ್ಕೆ ಡಿಕ್ಕಿ ಹೊಡೆಯುತ್ತವೆ. ನನ್ನ ಮಟ್ಟಿಗೆ ಅದು ಕಣ್ಣಿಗೆ ಹಿಂಸೆ. ಜೊಟೆರೊದ ಉಲ್ಲೇಖ ಶೈಲಿಯಲ್ಲಿ ಇಟಾಲಿಕ್ ತೆಗೆದು ಉದ್ಧರಣ ಚಿಹ್ನೆಯನ್ನೋ ದಪ್ಪಕ್ಷರವನ್ನೋ ಇಡಿ.

ಕನ್ನಡ ಪ್ರಬಂಧದ ಮಧ್ಯೆ ‘ಎಟ್ ಆಲ್’, ‘ಆ್ಯಂಡ್’, ‘ಎಡಿಟರ್’ ಎಲ್ಲ ಇಂಗ್ಲಿಷ್‌ನಲ್ಲಿ ಬರುತ್ತಿವೆ. ಕನ್ನಡ ಮಾಡೋದು ಹೇಗೆ?

ಶೈಲಿಯ ಕಡತವನ್ನು ತಿದ್ದಬೇಕು. ಪ್ರೋಗ್ರಾಮಿಂಗ್ ಬೇಡ, ತಾಳ್ಮೆ ಬೇಕು. ಜೊಟೆರೊ ಬಳಸುವ ಶೈಲಿಗಳು ಸಿಎಸ್‌ಎಲ್ ಎಂಬ ಭಾಷೆಯಲ್ಲಿ ಬರೆದ ಸಾಮಾನ್ಯ ಪಠ್ಯ ಕಡತಗಳು. ಜೊಟೆರೊದ ಸೆಟ್ಟಿಂಗ್ಸ್‌ನಲ್ಲೇ ‘ಸ್ಟೈಲ್ ಎಡಿಟರ್’ ಇದೆ. ನಿಮಗೆ ಹತ್ತಿರದ ಶೈಲಿಯೊಂದನ್ನು ತೆರೆದು, ಮೊದಲಿಗೆ ಅದರ ಶೀರ್ಷಿಕೆ ಮತ್ತು ಗುರುತು ಬದಲಿಸಿ. ಇಲ್ಲದಿದ್ದರೆ ಶೈಲಿ ತಾನಾಗಿ ನವೀಕರಣಗೊಂಡಾಗ ನಿಮ್ಮ ಕೆಲಸ ನೀರಿನಲ್ಲಿ ಹೋಮ. ನಂತರ ‘ಲೋಕೇಲ್’ ವಿಭಾಗ ಸೇರಿಸಿ ಅದರೊಳಗೆ ಪದಗಳನ್ನು ಕೊಡಿ: ಮತ್ತು, ಮತ್ತಿತರರು, ಪು., ಸಂ., ಅನು., ಮುದ್ರಣ, ಅದೇ. ಸುಮಾರು ಹದಿನೈದು ಪದ ಕೊಟ್ಟರೆ ಒಂದು ಪ್ರಬಂಧಕ್ಕೆ ಧಾರಾಳ.

ಮಿತಿಯೂ ಇದೆ. ಒಂದು ಕಡತಕ್ಕೆ ಒಂದೇ ಭಾಷೆ, ಆದ್ದರಿಂದ ಅದೇ ಪಟ್ಟಿಯ ಇಂಗ್ಲಿಷ್ ಪುಸ್ತಕದ ಮುಂದೆಯೂ ‘ಸಂ.’ ಎಂದೇ ಬರುತ್ತದೆ. ಒಬ್ಬರೇ ಲೇಖಕರ ಒಂದೇ ವರ್ಷದ ಎರಡು ಪುಸ್ತಕಗಳಿಗೆ ಬೀಳುವ ಎ, ಬಿ ಗುರುತುಗಳೂ ರೋಮನ್ ಅಕ್ಷರದಲ್ಲೇ ಇರುತ್ತವೆ. ಇವೆರಡನ್ನೂ ಕೊನೆಯ ಪ್ರತಿಯಲ್ಲಿ ಕೈಯಿಂದ ಸರಿಪಡಿಸುವುದೇ ಸದ್ಯದ ದಾರಿ.

ಕನ್ನಡ ಗ್ರಂಥಗಳು, ಇಂಗ್ಲಿಷ್ ಗ್ರಂಥಗಳು ಅಂತ ಎರಡು ಪಟ್ಟಿ ಬೇಕು ಅಂತಾರೆ ಗೈಡ್.

ಜೊಟೆರೊ ಒಂದು ಕಡತಕ್ಕೆ ಒಂದೇ ಪಟ್ಟಿ ಕೊಡುತ್ತದೆ. ಸಮಾಧಾನವೆಂದರೆ ಅಕಾರಾದಿಯಲ್ಲಿ ವಿಂಗಡಿಸುವಾಗ ಎರಡು ಲಿಪಿಗಳು ಬೆರೆಯುವುದಿಲ್ಲ, ಒಂದು ಲಿಪಿ ಮುಗಿದ ಮೇಲೆ ಇನ್ನೊಂದು ಶುರುವಾಗುತ್ತದೆ. ಯಾವುದು ಮೊದಲು ಎಂಬುದು ಭಾಷೆಯ ಆಯ್ಕೆಯ ಮೇಲಿದೆ. ಕೊನೆಯ ಪ್ರತಿಯಲ್ಲಿ ‘ಅನ್‌ಲಿಂಕ್ ಸೈಟೇಶನ್ಸ್’ ಮಾಡಿ, ಎರಡು ಕಂತೆಗಳ ಮೇಲೆ ಶೀರ್ಷಿಕೆ ಬರೆದುಕೊಳ್ಳಿ. ಅದಕ್ಕೆ ಮೊದಲು ಬರೆದ ಶೀರ್ಷಿಕೆ ರಿಫ್ರೆಶ್ ಆದಾಗ ಅಳಿಸಿಹೋಗುತ್ತದೆ. ಅನ್‌ಲಿಂಕ್ ಮಾಡುವುದು ಯಾವಾಗಲೂ ನಕಲು ಪ್ರತಿಯಲ್ಲಿ, ಮೂಲದಲ್ಲಲ್ಲ.

## ಇನ್ನೂ ಮುಂದಕ್ಕೆ

ಗೈಡ್‌ಗೆ ವರ್ಡ್ ಕಡತ ಕಳಿಸಿದೆ, ತಿದ್ದಿ ವಾಪಸ್ ಬಂದಾಗ ಉಲ್ಲೇಖಗಳೆಲ್ಲ ಬರೀ ಅಕ್ಷರಗಳಾಗಿವೆ. ಏನಾಯ್ತು?

ರೈಟರ್‌ನಲ್ಲಿ ಜೊಟೆರೊ ತನ್ನ ಉಲ್ಲೇಖವನ್ನು ‘ರೆಫರೆನ್ಸ್ ಮಾರ್ಕ್’ ರೂಪದಲ್ಲಿ ಬಚ್ಚಿಡುತ್ತದೆ. ಅದು ಉಳಿಯುವುದು ರೈಟರ್‌ನ ಸ್ವಂತ ರೂಪವಾದ ಓಡಿಟಿ ಕಡತದಲ್ಲಿ ಮಾತ್ರ. ವರ್ಡ್‌ನ ಡಾಕ್ಸ್ ಆಗಿ ಉಳಿಸಿದ ಕ್ಷಣವೇ ಕೊಂಡಿ ಕಡಿಯಿತು. ಗೈಡ್ ಬರೀ ಷರಾ ಬರೆಯುವವರಾದರೆ ಪಿಡಿಎಫ್ ಕಳಿಸಿ, ತಿದ್ದುಪಡಿಯನ್ನು ನಿಮ್ಮ ಓಡಿಟಿಯಲ್ಲಿ ನೀವೇ ಮಾಡಿ. ಅವರೂ ಜೊಟೆರೊ ಬಳಸಿ ವರ್ಡ್‌ನಲ್ಲೇ ಬರೆಯುವವರಾದರೆ, ಡಾಕ್ಯುಮೆಂಟ್ ಪ್ರಿಫರೆನ್ಸಸ್‌ನಲ್ಲಿ ಬೇರೆ ವರ್ಡ್ ಪ್ರೊಸೆಸರ್‌ಗೆ ಬದಲಿಸುವ ಗುಂಡಿ ಇದೆ. ಅದು ಉಲ್ಲೇಖಗಳನ್ನು ಸಾಗಣೆಗೆ ಸಿದ್ಧವಾದ ತಾತ್ಕಾಲಿಕ ರೂಪಕ್ಕೆ ತರುತ್ತದೆ. ಹಾಗೆ ಉಳಿಸಿದ ಕಡತವನ್ನು ವರ್ಡ್‌ನಲ್ಲಿ ತೆರೆದು ರಿಫ್ರೆಶ್ ಒತ್ತಿದರೆ ಮತ್ತೆ ಜೀವ ಬರುತ್ತದೆ. ‘ಬುಕ್‌ಮಾರ್ಕ್’ ರೂಪದಲ್ಲಿಟ್ಟು ಎರಡೂ ಕಡೆ ಬಳಸುವ ಹಳೆಯ ಉಪಾಯವೂ ಉಂಟು. ಆದರೆ ಬುಕ್‌ಮಾರ್ಕ್ ಕೈತಪ್ಪಿ ಅಳಿಸಿಹೋಗುವುದು ಸುಲಭ, ನಾನು ಶಿಫಾರಸು ಮಾಡಲಾರೆ.

ಮುನ್ನೂರು ಪುಟ ದಾಟಿದೆ, ಒಂದು ಉಲ್ಲೇಖ ಸೇರಿಸಿದರೆ ಕಂಪ್ಯೂಟರ್ ನಿಂತೇ ಹೋಗುತ್ತೆ.

ಡಾಕ್ಯುಮೆಂಟ್ ಪ್ರಿಫರೆನ್ಸಸ್‌ನಲ್ಲಿ ಉಲ್ಲೇಖಗಳನ್ನು ತಾನಾಗಿ ನವೀಕರಿಸುವ ಆಯ್ಕೆಯನ್ನು ತೆಗೆಯಿರಿ. ಆಮೇಲೆ ಹೊಸ ಉಲ್ಲೇಖ ತಾತ್ಕಾಲಿಕ ರೂಪದಲ್ಲಿ ಕೂರುತ್ತದೆ, ದಿನದ ಕೊನೆಗೆ ಒಮ್ಮೆ ರಿಫ್ರೆಶ್ ಮಾಡಿ. ಅಧ್ಯಾಯಗಳನ್ನು ಬೇರೆ ಬೇರೆ ಕಡತದಲ್ಲಿ ಬರೆಯಬಹುದು, ಆದರೆ ಎಲ್ಲದರಲ್ಲೂ ಒಂದೇ ಶೈಲಿ ಇರಲಿ. ಲಿಬ್ರೆ ಆಫೀಸ್‌ನ ‘ಮಾಸ್ಟರ್ ಡಾಕ್ಯುಮೆಂಟ್’ ಜೊತೆ ಜೊಟೆರೊ ಹೊಂದುವುದಿಲ್ಲ. ಕೊನೆಯಲ್ಲಿ ಎಲ್ಲವನ್ನೂ ಒಂದೇ ಓಡಿಟಿಗೆ ಸೇರಿಸಿ, ಅಲ್ಲಿ ಗ್ರಂಥಋಣ ಮೂಡಿಸಿ.

ನಾಳೆ ಜೊಟೆರೊ ನಿಂತುಹೋದರೆ ನನ್ನ ಪ್ರಬಂಧದ ಗತಿ?

ಓಡಿಟಿ ಕಡತ ಅಂದರೆ ಒಂದು ಜಿಪ್ ಕಟ್ಟು. ಪ್ರತಿ ತೆಗೆದು, ಬಿಚ್ಚಿ, ಒಳಗಿನ ‘ಕಂಟೆಂಟ್’ ಕಡತವನ್ನು ಪಠ್ಯ ಸಂಪಾದಕದಲ್ಲಿ ತೆರೆದು ನೋಡಿ. ಪ್ರತಿ ಉಲ್ಲೇಖದ ಹಿಂದೆ ಜೊಟೆರೊ ಐಟೆಂ ಎಂದು ಶುರುವಾಗುವ ಉದ್ದನೆಯ ಸಾಲು ಸಿಗುತ್ತದೆ. ಲೇಖಕರು, ಶೀರ್ಷಿಕೆ, ಪ್ರಕಾಶಕರು, ವರ್ಷ, ನೀವು ಕೊಟ್ಟ ಪುಟಸಂಖ್ಯೆ ಎಲ್ಲವೂ ಓದಬಲ್ಲ ಪಠ್ಯವಾಗಿ ಅಲ್ಲಿರುತ್ತವೆ. ನಿಮ್ಮ ಸಂಗ್ರಹವೇ ಕಳೆದುಹೋದರೂ ಪುಸ್ತಕಗಳ ವಿವರವನ್ನು ಪ್ರಬಂಧದಿಂದಲೇ ಮರಳಿ ಪಡೆಯಬಹುದು ಎಂದಾಯಿತು. ಆದರೂ ಸಂಗ್ರಹವನ್ನು ಆಗಾಗ ಬೇರೆ ತಂತ್ರಾಂಶಗಳೂ ಓದಬಲ್ಲ ಬಿಬ್‌ಟೆಕ್ ಅಥವಾ ಸಿಎಸ್‌ಎಲ್ ಜೇಸನ್ ರೂಪದಲ್ಲಿ ರಫ್ತು ಮಾಡಿಟ್ಟುಕೊಳ್ಳಿ. ಜೊಟೆರೊದ ಸರ್ವರ್‌ನಲ್ಲಿ ಉಚಿತವಾಗಿ ಸಿಗುವ 300 ಎಂಬಿ ಜಾಗ ಪಿಡಿಎಫ್‌ಗಳಿಗೆ. ಪುಸ್ತಕಗಳ ಬರೀ ವಿವರ ಆ ಲೆಕ್ಕಕ್ಕೆ ಬರುವುದಿಲ್ಲ.

ನಾನು ಮಾರ್ಕ್‌ಡೌನ್‌ನಲ್ಲಿ (ಚಿಹ್ನೆ ಬೆರೆಸಿದ ಬರೀ ಪಠ್ಯದಲ್ಲಿ) ಬರೆಯೋನು. ರೈಟರ್ ಬೇಕೇ ಬೇಕಾ?

ಬೇಡ. ಜೊಟೆರೊಗೆ ‘ಬೆಟರ್ ಬಿಬ್‌ಟೆಕ್’ ಜೋಡಿಸಿ ಸಂಗ್ರಹ ರಫ್ತು ಮಾಡಿ, ಕಡತಗಳ ರೂಪ ಬದಲಿಸುವ ಪ್ಯಾನ್‌ಡಾಕ್‌ಗೆ ಕೊಡಿ. ಅದೇ ಸಿಎಸ್‌ಎಲ್ ಶೈಲಿ ಅಲ್ಲೂ ನಡೆಯುತ್ತದೆ, ಓಡಿಟಿಯನ್ನೂ ಹೊರತರುತ್ತದೆ. ಹೀಗೆ ಬಂದ ಓಡಿಟಿಯಲ್ಲಿ ಉಲ್ಲೇಖಗಳು ಬರೀ ಪಠ್ಯವಾಗಿರುತ್ತವೆ.

ಈ ಸಿಎಸ್‌ಎಲ್ ಯಾರದು? ಅದರಲ್ಲಿ ಕನ್ನಡಕ್ಕಾಗಿ ನಾವೇನಾದರೂ ಮಾಡಬಹುದೇ?

ಬ್ರೂಸ್ ಡಾರ್ಕಸ್ ಎಂಬ ಭೂಗೋಳ ಪ್ರಾಧ್ಯಾಪಕರು ರೂಪಿಸಿದ್ದು. ಓಪನ್ ಆಫೀಸ್‌ಗೆ ಸರಿಯಾದ ಗ್ರಂಥಸೂಚಿ ವ್ಯವಸ್ಥೆ ಕಟ್ಟುವ ಯೋಜನೆಯಲ್ಲಿ ಅವರು ಮುಂಚೂಣಿಯಲ್ಲಿದ್ದರು. ವರ್ಡ್ ಪ್ರೊಸೆಸರ್‌ನ ಒಳಗೆ ಆ ವ್ಯವಸ್ಥೆ ಅಂದುಕೊಂಡಂತೆ ಬರಲಿಲ್ಲ, ಶೈಲಿಯ ಭಾಷೆ ಮಾತ್ರ ಹೊರಗೆ ಬೆಳೆಯಿತು. ಸಿಎಸ್‌ಎಲ್ 1.0 ಬಂದದ್ದು 2010ರಲ್ಲಿ. ಈಗ ಅದರ ಭಂಡಾರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶೈಲಿಗಳಿವೆ. ಮೆಂಡಲೇ, ಪ್ಯಾನ್‌ಡಾಕ್ ಕೂಡ ಅದನ್ನೇ ಬಳಸುತ್ತವೆ.

ಮಾಡಬಹುದಾದ್ದು ಎರಡು. ತಿಂಗಳ ಹೆಸರುಗಳಿಂದ ಹಿಡಿದು ‘ಅದೇ’ವರೆಗಿನ ಪದಗಳು ಪ್ರತಿ ಭಾಷೆಗೂ ಒಂದೊಂದು ಕಡತದಲ್ಲಿರುತ್ತವೆ. ಅವನ್ನು ಗಿಟ್‌ಹಬ್ ಜಾಲತಾಣದಲ್ಲಿ ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು. ಆದರೆ ‘ಸಂ.’ ಎಂದರೆ ಸಂಪಾದಕರೋ ಸಂಪುಟವೋ ಎಂಬುದನ್ನು ಮೊದಲು ಕನ್ನಡ ವಿಭಾಗಗಳು ಕೂತು ಇತ್ಯರ್ಥ ಮಾಡಬೇಕು, ಸದ್ಯ ಎರಡಕ್ಕೂ ಅದನ್ನೇ ಬಳಸುವವರಿದ್ದಾರೆ. ಎರಡನೆಯದು ನಿಮ್ಮ ವಿಶ್ವವಿದ್ಯಾಲಯದ ಕೈಪಿಡಿಯಲ್ಲಿರುವ ಉಲ್ಲೇಖ ಕ್ರಮವನ್ನು ಸಿಎಸ್‌ಎಲ್ ಶೈಲಿಯಾಗಿ ಬರೆದು ಭಂಡಾರಕ್ಕೆ ಕಳಿಸುವುದು. ಒಬ್ಬರು ಮಾಡಿದರೆ ಆ ವಿಶ್ವವಿದ್ಯಾಲಯದ ಮುಂದಿನ ಸಂಶೋಧಕರೆಲ್ಲ ಪಟ್ಟಿಯಿಂದ ಆರಿಸಿಕೊಂಡು ಕೆಲಸ ಶುರು ಮಾಡಬಹುದು.